ಬ್ರೇಕ್ ಒತ್ತಲು ಒಬ್ಬರು ಬೇಕು

ನನ್ನ ಬಲಗಾಲಿಗೆ ಈಚೆಗೆ ಒಂದು ಚಟ ಅಂಟಿಕೊಂಡಿದೆ. ಕೂತಲ್ಲಿ ನೆಲವನ್ನು ಒತ್ತುತ್ತದೆ. ಒತ್ತಿ ಹಾಗೇ ಹಿಡಿದು, ಯಾರಾದರೂ ‘ಬಿಡು’ ಅನ್ನಲಿ ಎಂದು ಕಾಯುವಂತೆ ಸ್ವಲ್ಪ ಹೊತ್ತು ಇದ್ದು, ಆಮೇಲೆ ತಾನಾಗಿ ಸಡಿಲವಾಗುತ್ತದೆ. ಬಸ್ಸಿನಲ್ಲಾದರೆ ಯಾರಿಗೂ ತೊಂದರೆಯಿಲ್ಲ. ಡ್ರೈವರ್ ಹಿಂದೆ ಕೂತವರೆಲ್ಲ ಅಷ್ಟಿಷ್ಟು ಬ್ರೇಕ್ ಹಾಕುವವರೇ. ಆದರೆ ಹಾಲು ಕರೆಯುವಾಗ ಒತ್ತಿದರೆ ಹಸು ಒಪ್ಪುವುದಿಲ್ಲ. ಮೊನ್ನೆ ಅದರ ಗೊರಸಿಗೇ ನನ್ನ ಕಾಲು ತಾಗಿ, ಅದು ಬೆಚ್ಚಿ, ಬಕೆಟ್ ಮಗುಚಿತು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

“ಕೊಟ್ಟಿಗೇಲಿ ಏನು ಲಾರಿ ಓಡಿಸ್ತಾ ಇದ್ದೀಯಾ? ಡೇರಿಗೆ ಇವತ್ತು ಹಾಲಿನ ಬದ್ಲು ನಿನ್ ಕಾಲು ತಕೊಂಡೋಗಿ ಹಾಕ್ಲಾ?”

ಅಂದವಳು ಮಗುಚಿದ ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ಈ ಚಟ ಎಲ್ಲಿಂದ ಬಂತು ಎಂದು ಅವಳಿಗೆ ಗೊತ್ತು. ನಿಮಗೂ ಹೇಳಿಬಿಡುತ್ತೇನೆ.

ನನ್ನ ತಮ್ಮ ಮಂಜುನಾಥನ ಹತ್ತಿರ ಒಂದು ಸ್ಪೋರ್ಟ್ಸ್ ಕಾರಿತ್ತು. ಈ ಮಾತನ್ನು ಬಂಗಾರಪೇಟೆ ಸಂತೆಯಲ್ಲಿ ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಚಪ್ಪಲಿ ನೋಡುತ್ತಾರೆ. ಆದರೂ ಅದು ನಿಜ. ಮಂಜ ಬೆಂಗಳೂರಿನ ಒಂದು ದೊಡ್ಡ ಮನೆಗೆ ಡ್ರೈವರಾಗಿದ್ದ. ಉರಿಗಾಂನಲ್ಲಿ ಬೆಳಿಗ್ಗೆ ರೈಲು ಹತ್ತಿ ಸಂಜೆ ವಾಪಸ್ಸಾಗುವ ಕೆಲಸ. ಆ ಮನೆಯ ಹಿಂದೆ ಟಾರ್ಪಾಲಿನ ಕೆಳಗೆ ಒಂದು ಚಿಕ್ಕ ಕೆಂಪು ಕಾರು ಎಷ್ಟೋ ಮಳೆಗಾಲ ಕಂಡು ಮಲಗಿತ್ತಂತೆ. ಯಜಮಾನರು ಒಂದು ದಿನ, “ಗುಜರಿಯವನನ್ನು ಕರೀತೀಯೋ, ನೀನೇ ಒಯ್ತೀಯೋ?” ಎಂದರು. ಇವನು ಒಯ್ದ. ಟೆಂಪೋದ ಬೆನ್ನ ಮೇಲೆ ಹಗ್ಗ ಬಿಗಿಸಿಕೊಂಡು, ಹಬ್ಬದ ದಿನ ಬರುವ ನೆಂಟನ ಹಾಗೆ, ಅದು ಉರಿಗಾಂನ ಅವನ ಮನೆ ಮುಂದೆ ಇಳಿಯಿತು.

ಎರಡೇ ಬಾಗಿಲು, ಎರಡೇ ಸೀಟು. ತಲೆಯ ಮೇಲೆ ಮಡಿಚಿಡುವ ಬಟ್ಟೆಯ ಛಾವಣಿ. ಮೈ ತಗಡಿನದಲ್ಲ, ಫೈಬರಿನದು. ತಟ್ಟಿದರೆ ಖಾಲಿ ನೀರಿನ ಡ್ರಮ್ಮಿನ ಸದ್ದು. ಒಳಗೆ ಕೂತರೆ ಚಾಪೆಯ ಮೇಲೆ ಕೂತ ಹಾಗೆ. ಎದುರಿಗೆ ಬಂದ ನಾಯಿಯ ಕಣ್ಣೂ ನಮ್ಮ ಕಣ್ಣೂ ಒಂದೇ ಎತ್ತರ. ನೋಡಲು ಹೋಗಿದ್ದ ನಾನು ಸುತ್ತ ಒಂದು ಸುತ್ತು ಬಂದು, ದನದ ವ್ಯಾಪಾರಿಯ ಹಾಗೆ ಅದರ ಟೈರನ್ನು ಒದ್ದು, ಹತ್ತು ಜನರ ಮುಂದೆ ಕೇಳಿದೆ:

“ಲೇ ಮಂಜಾ, ಗಂಡ ಎಂಡ್ತಿ ಕೂತ್ರೆ ಮುಗೀತು. ನಾನೆಲ್ಲಿ ಕೂರ್ಲಿ, ಡಿಕ್ಕಿಯಾಗಾ?”

ಎಲ್ಲರೂ ನಕ್ಕರು. ಮಂಜನೂ ನಕ್ಕ.

“ಮೊದ್ಲು ನೀನೇ ಕೂತ್ಕೋ ಅಣ್ಣಾ. ಸೆಲ್ವಿ ಆಮೇಕೆ ಕೂರ್ತಾಳೆ. ಏನೇ?”

ಸೆಲ್ವಿ ಅವನ ಹೆಂಡತಿ. ಅಲ್ಲೇ ಉರಿಗಾಂನಲ್ಲಿ ಹುಟ್ಟಿ ಬೆಳೆದ ತಮಿಳರ ಹುಡುಗಿ. “ಓಡಿದ್ರೆ ತಾನೇ ಕೂರೋದು” ಎಂದು ಅವಳೂ ನಕ್ಕಳು. ನಾನು ಕೂರಲಿಲ್ಲ. ಬಗ್ಗಿ ಇಳಿಯಬೇಕು, ಎದ್ದೇಳುವಾಗ ಯಾರಾದರೂ ಕೈ ಹಿಡಿದು ಎತ್ತಬೇಕು, ಜನ ನೋಡುತ್ತಿದ್ದಾರೆ ಎಂದು ಸುಮ್ಮನಾದೆ.

ಆ ಕಾರನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಯಾವ ಅಂಗಡಿಯಲ್ಲಿ ಕೇಳಿದರೂ ಸಾಮಾನಿಲ್ಲ. ರಾಬರ್ಟ್‌ಸನ್‌ಪೇಟೆಯ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ ನೋಡಿ, ಮತ್ತೆ ಮೆಲ್ಲಗೆ ಇಳಿಸಿ, “ಚೆನ್ನಾಗಿದೆ ಸಾರ್, ಹೀಗೇ ಇಟ್ಟುಬಿಡಿ” ಎನ್ನುತ್ತಿದ್ದರು. ಹೀಗಿರುವಾಗ ಮಂಜನಿಗೆ ಫೋನಿನಲ್ಲಿ ಒಂದು ಗುಂಪು ಸಿಕ್ಕಿತು. ಅದೇ ಕಾರನ್ನು ಇಟ್ಟುಕೊಂಡು ಅವನಂತೆಯೇ ತಲೆ ಕೆಡಿಸಿಕೊಂಡಿದ್ದವರು ಒಂದೊಂದು ಊರಿನಲ್ಲಿ ಒಬ್ಬೊಬ್ಬರಂತೆ ಇದ್ದರು. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ಕಾಫಿ ಪುಡಿ ಅಂಗಡಿಯವರು, ಕುಪ್ಪಂನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಭಾಸ್ಕರ ರೆಡ್ಡಿ. ಯಾವ ವ್ಯಾನಿನ ವೈಪರ್ ಮೋಟಾರು ಇದಕ್ಕೆ ಕೂರುತ್ತದೆ, ಯಾವ ಆಟೋದ ಕೇಬಲ್ಲನ್ನು ಸ್ವಲ್ಪ ಕತ್ತರಿಸಿದರೆ ಇದಕ್ಕೆ ಸರಿಯಾಗುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಅವರ ಭಾನುವಾರ.

ಮಳೆ ಬಂದರೆ ಕಾರಿನೊಳಗೆ ಪಾದ ಮುಳುಗುವಷ್ಟು ನೀರು ನಿಲ್ಲುತ್ತಿತ್ತಂತೆ. ಗುಂಪಿನಲ್ಲಿ ಕೇಳಿದರೆ ಒಬ್ಬರು ಬಾಗಿಲ ರಬ್ಬರು ಬದಲಿಸು ಎಂದರು, ಒಬ್ಬರು ಅಂಟು ಹಚ್ಚು ಎಂದರು. ರೆಡ್ಡಿಗಾರು ಮಾತ್ರ, “ಮಂಜಾ, ನಾನು ಎಲ್ಲಾ ಹಚ್ಚಿ ನೋಡ್ದೆ. ನೀರು ಒಳಗೆ ಬರೋದು ನಿಲ್ಲಲ್ಲ. ನೆಲಕ್ಕೆ ಒಂದು ತೂತು ಹಾಕು, ಬಂದಿದ್ದು ಹೋಗ್ತದೆ, ಅಷ್ಟೇ ಕದಾ” ಎಂದರಂತೆ. ಇನ್ನೊಂದು ಸಲ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತಿತ್ತು, ದೀಪ ಹಾಕಿದರೆ ಹಾರನ್ ಕುಂಯ್ ಎನ್ನುತ್ತಿತ್ತು. ಇವನು ಬಲ್ಬು ಬದಲಿಸಿದ, ಸ್ವಿಚ್ಚು ಬದಲಿಸಿದ. ಕೊನೆಗೆ ಗುಂಪಿನವರು ಹೇಳಿದರು: ತಗಡಿನ ಕಾರಾದರೆ ಕರೆಂಟು ಮೈಯ ಮೇಲೇ ಹರಿದು ಬ್ಯಾಟರಿಗೆ ವಾಪಸ್ ಹೋಗುತ್ತದೆ, ಫೈಬರ್ ಮೈಯಲ್ಲಿ ಅದು ಆಗುವುದಿಲ್ಲ, ಒಂದೊಂದು ದೀಪಕ್ಕೂ ಹಿಂತಿರುಗುವ ಬೇರೆ ವೈರು ಎಳೆಯಬೇಕು. ಎಳೆದ. ಎಲ್ಲ ಸರಿಹೋಯಿತು. ಅವತ್ತು ಫೋನ್ ಮಾಡಿ ಈ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ನಾನು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಹಾಲು ಕರೆಯುತ್ತಾ “ಹೂಂ... ಹೂಂ...” ಎನ್ನುತ್ತಿದ್ದೆ. ಹಸುವಿಗೂ ಹಾಗೇ ಅನ್ನುತ್ತೇನೆ.

ಕೊನೆಗೆ ಉಳಿದದ್ದು ಬ್ರೇಕು.

ಚಕ್ರದ ಒಳಗಿನ ರಬ್ಬರುಗಳು ಒಣಗಿ ಬ್ರೇಕ್ ಆಯಿಲ್ ಸೋರುತ್ತಿತ್ತು. ಯಾವುದೋ ವ್ಯಾನಿನವು ಸರಿಹೊಂದುತ್ತವೆ ಎಂದು ಗುಂಪಿನವರೇ ಹುಡುಕಿ, ಅವನ್ನು ಕೊರಿಯರ್ ಮಾಡಿದರು. ಹಾಕಿದ. ಆದರೆ ಬಿಚ್ಚಿ ಹಾಕುವಾಗ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಗಾಳಿಯಿದ್ದರೆ ಪೆಡಲ್ಲು ಹಿಟ್ಟಿನ ಮುದ್ದೆ ಒತ್ತಿದಂತೆ ಒಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬ ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬ ಚಕ್ರದ ಹತ್ತಿರ ಮಲಗಿ ನಿಪ್ಪಲ್ ಎನ್ನುವ ಚಿಕ್ಕದೊಂದು ತಿರುಪನ್ನು ಸಡಿಲಿಸಿ, ಗುಳ್ಳೆ ಗುಳ್ಳೆಯಾಗಿ ಆಯಿಲ್ ಹೊರಬಂದ ಮೇಲೆ ಬಿಗಿ ಮಾಡಬೇಕು. ಅವನು ಬಿಗಿ ಮಾಡುವವರೆಗೂ ಒಳಗಿನವನು ಕಾಲೆತ್ತಬಾರದು. ಎತ್ತಿದರೆ ಹೋದ ಗಾಳಿ ವಾಪಸ್ ಬರುತ್ತದೆ.

“ಅಣ್ಣಾ, ಈ ಬಾನುವಾರ ಬತ್ತೀಯಾ? ಬರೀ ಕಾಲಿಟ್ಟು ಒತ್ತೋದಷ್ಟೇ. ಮಿಕ್ಕಿದ್ದು ನಾನು ಮಾಡ್ತೀನಿ.”

“ಸೆಲ್ವಿ ಇಲ್ವೇನ್ಲಾ?”

“ಅವಳ ಕಾಲು ಎಟುಕಲ್ಲ ಅಣ್ಣಾ.”

“ಈ ಬಾನುವಾರ ಆಗಲ್ಲ ಕಣ್ಲಾ. ಅಸು ಈಯೋ ಅಂಗಿದೆ.”

ಮುಂದಿನ ಭಾನುವಾರ ಮದುವೆ. ಅದರ ಮುಂದಿನದು ಬೋರಿನ ಮೋಟಾರು. ಹಸು ನಿಜವಾಗಿ ಈದ ಮೇಲೆ ಕರುವಿಗೆ ಭೇದಿ. ನಮ್ಮ ಹಳ್ಳಿಯಿಂದ ಉರಿಗಾಂ ದೂರವೇನಲ್ಲ. ಬಂಗಾರಪೇಟೆಗೆ ಬಂದರೆ ರೈಲಿದೆ, ಬಸ್ಸಿದೆ. ತಿಂಗಳುಗಳು ಹೋದವು. ಕಾರು ನಾಲ್ಕೂ ಚಕ್ರ ಬಿಚ್ಚಿಸಿಕೊಂಡು ಕಲ್ಲಿನ ಮೇಲೆ ನಿಂತಿತ್ತು.

ಯಾಕೆ ಹೋಗಲಿಲ್ಲ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಸೋದರತ್ತೆಯ ಮನೆ ಉರಿಗಾಂ ಪಕ್ಕದ ಕೋರಮಂಡಲ್‌ನಲ್ಲಿತ್ತು. ರಜೆಗೆ ಹೋದಾಗ ಚಿನ್ನದ ಗಣಿಯ ಪುಡಿಮಣ್ಣು ಸುರಿದ ದಿಬ್ಬಗಳ ಮೇಲೆ ಜಾರುವುದೇ ನಮ್ಮ ಕೆಲಸ. ಸೈನೈಡ್ ದಿಬ್ಬ, ಹೋಗಬೇಡಿ ಎಂದು ಅತ್ತೆ ಪೊರಕೆ ಹಿಡಿದು ಬಾಗಿಲಲ್ಲಿ ಕೂರುತ್ತಿದ್ದಳು. ನಾವು ಹಿತ್ತಿಲಿನಿಂದ ಹೋಗುತ್ತಿದ್ದೆವು. ಬೂದಿಬಣ್ಣದ ಆ ಮಣ್ಣಿನ ಮೇಲೆ ಒಂದು ತಗಡಿನ ತುಂಡು, ಅದರ ಮುಂದೆ ಮಂಜ, ಹಿಂದೆ ನಾನು. “ಬಗ್ಗು” ಎಂದರೆ ಬಗ್ಗುತ್ತಿದ್ದ, “ಕಾಲೆತ್ತು” ಎಂದರೆ ಎತ್ತುತ್ತಿದ್ದ. ಕೆಳಗೆ ಬಂದಂತೆ ನಾನು ಎರಡು ಹಿಮ್ಮಡಿಯನ್ನೂ ಮಣ್ಣಿಗೆ ಊರಿ ತಗಡನ್ನು ನಿಲ್ಲಿಸುತ್ತಿದ್ದೆ. ನಿಲ್ಲಿಸುವುದು ನನ್ನ ಕೆಲಸವಾದ್ದರಿಂದ ಅವನು ಕಣ್ಣು ಮುಚ್ಚಿಕೊಂಡೇ ಜಾರುತ್ತಿದ್ದ. ಆ ವಯಸ್ಸಿನಲ್ಲಿ ಹೇಳುವವನು ನಾನು, ಕೇಳುವವನು ಅವನು. ಆರನೇ ಕ್ಲಾಸಿಗೆ ನನಗೂ ಶಾಲೆಗೂ ಕೂಡಿಬರಲಿಲ್ಲ, ಬಿಟ್ಟೆ. ಆಗಲೂ ಮನೆಯಲ್ಲಿ ಹೇಳುವವನು ನಾನೇ.

ಈಗ ಅವನ ಅಂಗಳದಲ್ಲಿ, ಅವನ ಕಾರಿನಲ್ಲಿ, ನೆಲದ ಮಟ್ಟಕ್ಕೆ ಕೂತು, ಅವನು ಒತ್ತು ಎಂದರೆ ಒತ್ತಬೇಕು, ಬಿಡು ಎಂದರೆ ಬಿಡಬೇಕು. ಬೀದಿಯವರು ನೋಡುತ್ತಾರೆ. ಅಷ್ಟೇ ಕಾರಣ. ಇಷ್ಟು ಚಿಕ್ಕ ಕಾರಣ ಇರಬಾರದು ಎಂದು ಎಷ್ಟು ಹುಡುಕಿದರೂ ಇದಕ್ಕಿಂತ ದೊಡ್ಡದು ಸಿಕ್ಕಿಲ್ಲ.

ಒಂದು ಭಾನುವಾರ ಹಸುವಿನ ಔಷಧಿಗೆಂದು ರಾಬರ್ಟ್‌ಸನ್‌ಪೇಟೆಗೆ ಹೋದೆ. ಹಿಂದಿನ ದಿನ ಮಂಜನಿಗೆ “ನೋಡಾನ, ಬತ್ತೀನಿ” ಎಂದಿದ್ದೆ. ಔಷಧಿ ತೆಗೆದುಕೊಂಡೆ, ಹೋಟೆಲಿನಲ್ಲಿ ದೋಸೆ ತಿಂದೆ, ಬಸ್ ಸ್ಟ್ಯಾಂಡಿಗೆ ಬಂದೆ. ಉರಿಗಾಂ ಕಡೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಆಗ ಅವನ ಫೋನ್ ಬಂತು.

“ಅಣ್ಣಾ, ಎಲ್ಲಿದ್ದೀಯಾ?”

“ಊರಾಗೇ ಕಣ್ಲಾ. ಆಗ್ಲಿಲ್ಲ. ಅಸು ಮೇವು ಮುಟ್ತಾ ಇಲ್ಲ.”

ನನ್ನ ಬೆನ್ನ ಹಿಂದೆ ಕಂಡಕ್ಟರ್ ಬಾಗಿಲು ಬಡಿಯುತ್ತಾ, “ಉರಿಗಾಂ, ಕೋರಮಂಡಲ್! ಯಾರು ಉರಿಗಾಂ?” ಎಂದು ಕೂಗಿದ.

“ಆಯ್ತಣ್ಣಾ. ಅಸು ನೋಡ್ಕೋ” ಎಂದ ಮಂಜ.

ಬೈದಿದ್ದರೆ ಆ ಬಸ್ಸನ್ನೇ ಹತ್ತುತ್ತಿದ್ದೆನೇನೋ. ಬೈಯಲಿಲ್ಲ. ನಾನು ಬಂಗಾರಪೇಟೆ ಬಸ್ಸು ಹತ್ತಿದೆ.

ಅವನು ಮತ್ತೆ ಬ್ರೇಕಿನ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮಳೆಗಾಲ ಹಿಡಿಯುವ ಮುಂಚೆ ಒಂದು ಸಂಜೆ ಕೆಲಸ ಮುಗಿಸಿ ರೈಲಿನಲ್ಲಿ ಬರುತ್ತಾ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದನಂತೆ. ದಿನಾ ಹಾಗೇ ನಿದ್ದೆ ಮಾಡುತ್ತಿದ್ದ. ಜೊತೆಯಲ್ಲಿ ಓಡಾಡುವವರು ಉರಿಗಾಂ ಬಂತು ಎಂದು ಭುಜ ತಟ್ಟಿದರೆ ಏಳಲಿಲ್ಲ. ಹೃದಯ ನಿಂತುಹೋಗಿತ್ತು ಎಂದರು ಡಾಕ್ಟರು. ಯಾವ ಸ್ಟೇಷನ್ನಿನ ಹತ್ತಿರ ನಿಂತಿತೆಂದು ಯಾರಿಗೂ ಗೊತ್ತಿಲ್ಲ. ಬಂಗಾರಪೇಟೆ ದಾಟುವಾಗ ಇದ್ದನೋ ಇಲ್ಲವೋ.

ತಿಥಿಯೆಲ್ಲ ಮುಗಿದ ಮೇಲೆ ಸೆಲ್ವಿ ಫೋನ್ ಮಾಡಿದಳು. ಕಾರನ್ನು ಗುಜರಿಗೆ ಹಾಕಲು ಅವಳಿಗೆ ಮನಸ್ಸಿಲ್ಲ. ಕುಪ್ಪಂನ ರೆಡ್ಡಿಗಾರು ಒಯ್ದು ಓಡಿಸುತ್ತಾರೆ, ಬಿಡಿಭಾಗ ಕಿತ್ತುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಆದರೆ ಮೊದಲು ಬ್ರೇಕ್ ಆಗಬೇಕು.

“ನೀವು ಬರ್ತೀರಾ ಭಾವ? ಪೆಡಲ್ ಒತ್ತೋಕೆ ಒಬ್ರು ಬೇಕಂತೆ.”

ಹಸುವಿಗೆ ಅವತ್ತು ಏನೂ ಆಗಿರಲಿಲ್ಲ.

ರೆಡ್ಡಿಗಾರು ಕುಪ್ಪಂನಿಂದ ರೈಲಿನಲ್ಲಿ ಬಂದರು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾನೇ ಕಾದಿದ್ದೆ. ದಪ್ಪಗಿನ ಮನುಷ್ಯ, ಹುಬ್ಬಿನಲ್ಲೂ ಸ್ವಲ್ಪ ಹಿಟ್ಟು. ನಾನು ಇಂಥವನು ಎಂದು ಹೇಳಿದ ಕೂಡಲೇ ಚೀಲ ಕೆಳಗಿಟ್ಟು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.

“ನೀವೇನಾ ಆ ಅಣ್ಣ! ನಮ್ಮ ಗ್ರೂಪಲ್ಲಿ ನಿಮ್ಮನ್ನ ತಿಳೀದೋರು ಯಾರೂ ಇಲ್ಲ ಅಣ್ಣಗಾರು. ಮಂಜುಗೆ ಬಾಯಿ ಬಿಟ್ರೆ ಅಣ್ಣ. ‘ಅಣ್ಣಂಗೆ ಎಷ್ಟು ಕೆಲಸ, ಪಾಪ, ಅಷ್ಟು ದನ ಕಟ್ಕೊಂಡು’ ಅಂತಿದ್ದ. ನಾವೆಲ್ಲಾ ತಮಾಷೆ ಮಾಡ್ತಿದ್ವಿ, ‘ಏನಪ್ಪಾ, ನಿಮ್ಮಣ್ಣ ಬಂದ್ನಾ?’ ಅಂತ.”

“ಅದಕ್ಕೆ ಏನಂತಿದ್ದ?”

“‘ಬರ್ತಾನೆ’ ಅಂತಿದ್ದ. ಅಷ್ಟೇ.”

ಉರಿಗಾಂವರೆಗೂ, ನಾನು ಊರಿನಲ್ಲಿ ಕೇಳಿ ತಂದಿದ್ದ ಸ್ಕೂಟರಿನಲ್ಲಿ, ಅವರು ಹಿಂದೆ ಕೂತು ನನ್ನನ್ನು ಹೊಗಳುತ್ತಾ ಬಂದರು. ನಾನು ರಸ್ತೆ ನೋಡುತ್ತಾ ಬಂದೆ.

ಮೊದಲ ಸಲ ಆ ಕಾರಿನೊಳಗೆ ಕೂತೆ. ಯಾರೂ ನೋಡಲಿಲ್ಲ. ಬೀದಿಯಲ್ಲಿ ಒಬ್ಬಾಕೆ ಕೊಡ ಹಿಡಿದು ಹೋದವಳು ತಲೆಯೂ ತಿರುಗಿಸಲಿಲ್ಲ. ಸೀಟು ಅವನ ಕಾಲಿನ ಅಳತೆಗೇ ಇತ್ತು, ನನಗೂ ಅದೇ ಸರಿಹೋಯಿತು. ರೆಡ್ಡಿಗಾರು ಹಿಂದಿನ ಚಕ್ರದ ಹತ್ತಿರ ಗೋಣಿಚೀಲ ಹಾಸಿ ಮಲಗಿ ಅಲ್ಲಿಂದಲೇ ಕೂಗತೊಡಗಿದರು.

“ಒತ್ತಿ ಅಣ್ಣಗಾರು... ಬಿಡಿ. ಒತ್ತಿ... ಬಿಡಿ. ಒತ್ತಿ... ಹಿಡ್ಕೊಳ್ಳಿ! ಎತ್ತಬೇಡಿ. ಎತ್ತಬೇಡಿ. ಹಾಂ, ಬಿಡಿ.”

ಪೆಡಲ್ಲು ಮೊದಲು ಮೆತ್ತಗೆ ನೆಲದವರೆಗೂ ಹೋಯಿತು. ಆಮೇಲೆ ಒಂದೊಂದು ಸಲಕ್ಕೂ ಕಾಲಿನ ಕೆಳಗೆ ಏನೋ ಗಟ್ಟಿಯಾಗುತ್ತಾ ಬಂತು. ಕಷ್ಟದ ಕೆಲಸವೇನಲ್ಲ. ಹೇಳಿದಾಗ ಒತ್ತಬೇಕು, ಹೇಳುವವರೆಗೂ ಬಿಡಬಾರದು. ಕೂತು ಮಾಡುವ ಕೆಲಸ. ಮಧ್ಯೆ ಮಧ್ಯೆ ಮಾತಾಡಬಹುದು. ಇಬ್ಬರು ಅಣ್ಣತಮ್ಮಂದಿರಿಗೆ ಒಂದು ಬೆಳಿಗ್ಗೆ ಕಳೆಯಲು ಹೇಳಿ ಮಾಡಿಸಿದಂತಿತ್ತು.

ಮುಂದಿನ ಚಕ್ರಕ್ಕೆ ಬರುವಾಗ, ಸೋರುವ ಆಯಿಲ್ ಹಿಡಿಯಲು ರೆಡ್ಡಿಗಾರು ಬಾಟಲಿ ಹುಡುಕಿದರು. ಗೋಡೆಯ ಗೂಡಿನಿಂದ ಒಂದನ್ನು ತೆಗೆದು ಹಾಗೇ ನಿಂತರು. ಚೆನ್ನಾಗಿ ತೊಳೆದ ಬಾಟಲಿ. ಮುಚ್ಚಳಕ್ಕೆ ತೂತು ಮಾಡಿ ಸಣ್ಣ ಪೈಪ್ ಇಳಿಸಿ, ಅದರ ತುದಿಗೆ ಸೈಕಲ್ಲಿನ ವಾಲ್‌ಟ್ಯೂಬ್ ಸಿಕ್ಕಿಸಿತ್ತು.

“ಅರೆ, ಮಾಡಿಟ್ಟಿದ್ದಾನೆ ನೋಡಿ. ಇದು ನಾನೇ ಹೇಳ್ಕೊಟ್ಟಿದ್ದು.”

“ಏನದು?”

“ಒಬ್ರೇ ಬ್ರೇಕ್ ಗಾಳಿ ತೆಗೆಯೋಕೆ. ಈ ವಾಲ್‌ಟ್ಯೂಬ್ ಆಯಿಲ್‌ನ ಆಚೆಗೆ ಬಿಡ್ತದೆ, ಗಾಳಿನ ಒಳಕ್ಕೆ ಬಿಡಲ್ಲ. ಇದನ್ನ ಸಿಕ್ಕಿಸಿ ತಾನೇ ಹೋಗಿ ಪೆಡಲ್ ಒತ್ತಿದ್ರಾಯ್ತು. ಎರಡ್ನೇ ಆಳು ಬೇಕಿಲ್ಲ.”

ನಾನು ಪೆಡಲ್ಲಿನ ಮೇಲೆ ಕಾಲಿಟ್ಟುಕೊಂಡೇ ಕೇಳಿದೆ: “ಅಂಗಾದ್ರೆ ಅವನು ಯಾಕೆ ಮಾಡ್ಲಿಲ್ಲ?”

ರೆಡ್ಡಿಗಾರು ಬಾಟಲಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು.

“ನಾನೂ ಬೈದೆ ಅಣ್ಣಗಾರು. ‘ಬಾಟ್ಲಿ ರೆಡಿ ಇದೆ ಅಂತೀಯ, ಮುಗಿಸಿ ಬಿಸಾಕು’ ಅಂದೆ. ‘ಮುಗಿಸಿಬಿಟ್ರೆ ಅಣ್ಣನ್ನ ಏನಂತ ಹೇಳಿ ಕರೀಲಿ ರೆಡ್ಡಿಗಾರು’ ಅಂದ.”

ಅವರು ಮತ್ತೆ ಮಲಗಿದರು. “ಒತ್ತಿ” ಎಂದರು. ಒತ್ತಿದೆ. “ಬಿಡಿ” ಎಂದಾಗ ನನಗೆ ಕೇಳಿಸಲಿಲ್ಲವಂತೆ. ಮೂರು ಸಲ ಹೇಳಬೇಕಾಯಿತಂತೆ.

ಕೆಲಸ ಮುಗಿದಾಗ ಪೆಡಲ್ಲು ಕಲ್ಲಿನಂತಿತ್ತು. ಸೆಲ್ವಿ ಟೀ ತಂದಳು. ರೆಡ್ಡಿಗಾರು ಫೋನನ್ನು ಬಾಯಿಗೆ ಹಿಡಿದು ಗುಂಪಿಗೆ ಸುದ್ದಿ ಕೊಟ್ಟರು: “ಅಣ್ಣಗಾರು ಬಂದ್ರು. ಮಂಜು ಕಾರಿನ ಬ್ರೇಕ್ ಆಯ್ತು.” ಟೀ ಆರುವಷ್ಟರಲ್ಲಿ ಟಣ್ ಟಣ್ ಎಂದು ಉತ್ತರಗಳು. ಕೈ ಮುಗಿದ ಚಿತ್ರಗಳು. ಹಲ್ಲಿನ ಡಾಕ್ಟರು, “ಅಣ್ಣನಿಗೆ ನನ್ನ ನಮಸ್ಕಾರ ಹೇಳಿ, ತಮ್ಮನ ಆಸೆ ನಡೆಸಿಕೊಟ್ಟರು” ಎಂದಿದ್ದರು. ಅದನ್ನು ರೆಡ್ಡಿಗಾರು ಗಟ್ಟಿಯಾಗಿ ಓದಿದರು. ಸೆಲ್ವಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿದಳು.

ನನಗೆ ತಡೆಯಲಾಗಲಿಲ್ಲ.

“ನಮಸ್ಕಾರ ಎಲ್ಲಾ ಬ್ಯಾಡ ಸ್ವಾಮಿ” ಎಂದೆ. “ಸೆಲ್ವಿ, ನಾನೊಂದು ಮಾತು ಏಳ್ಬೇಕು. ಒಂದ್ ಬಾನುವಾರ ಅಸುಗೆ ಉಷಾರಿಲ್ಲ, ಊರಾಗಿದ್ದೀನಿ ಅಂದಿದ್ದೆ. ಊರಾಗಿರ್ಲಿಲ್ಲ. ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಾಗಿದ್ದೆ. ನಿಮ್ಮೂರ ಬಸ್ಸು ಎದ್ರಿಗೇ ಇತ್ತು. ಅತ್ತಲಿಲ್ಲ.”

ರೆಡ್ಡಿಗಾರು ಫೋನನ್ನು ಜೇಬಿಗೆ ಹಾಕಿ, ಏನೋ ಮರೆತವರಂತೆ ಕಾರಿನ ಆ ಬದಿಗೆ ಹೋದರು. ಸೆಲ್ವಿ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು.

“ಗೊತ್ತು ಭಾವ” ಎಂದಳು.

“ಮಂಜ ಏಳಿದ್ನಾ?”

“ಇಲ್ಲ. ಅವರು ಏನೂ ಹೇಳ್ಲಿಲ್ಲ. ಫೋನ್ ಇಟ್ಟು, ‘ಅಣ್ಣ ಬರಲ್ಲ, ಊಟ ಹಾಕು’ ಅಂದ್ರು. ಕಂಡಕ್ಟರ್ ಕೂಗಿದ್ದು ನನಗೂ ಕೇಳಿಸ್ತು. ನಾನು ಅವತ್ತು ನಿಮಗೂ ಸೇರಿಸಿ ಅಕ್ಕಿ ಹಾಕಿಬಿಟ್ಟಿದ್ದೆ. ಸಾಯಂಕಾಲನೂ ಅದನ್ನೇ ತಿಂದ್ವಿ.”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದನ್ನು ಎಷ್ಟೋ ಹುಡುಕಿದೆ. ಸಿಕ್ಕಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ನಾನೂ ರೆಡ್ಡಿಗಾರೂ ಸೇರಿ ನಾಲ್ಕೂ ಚಕ್ರ ಹಾಕಿ ಕಾರನ್ನು ಕಲ್ಲಿನಿಂದ ಇಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ಅವರು ಅದರಲ್ಲೇ ಹೊರಟರು. ಗೇಟಿನಾಚೆ ಒಂದು ಸಲ ಬ್ರೇಕ್ ಹಾಕಿ ನೋಡಿದರು. ಕಾರು ನಿಂತಿತು, ಹಿಂದಿನ ಕೆಂಪು ದೀಪ ಎರಡೂ ಸರಿಯಾಗಿ ಹತ್ತಿದವು. ಆಮೇಲೆ ಕುಪ್ಪಂ ರಸ್ತೆಯ ಕಡೆ ತಿರುಗಿತು. ಅಂಗಳದಲ್ಲಿ ನಾಲ್ಕು ಕಲ್ಲು, ಆಯಿಲಿನ ಕಲೆ, ಗೋಣಿಚೀಲ ಉಳಿದವು. ನಾನು ಚಪ್ಪಲಿ ಮೆಟ್ಟಿಕೊಂಡೆ.

“ಎಲ್ಲಿಗೆ? ಕೈ ತೊಳ್ಕೊಳ್ಳಿ” ಎಂದಳು ಸೆಲ್ವಿ ಒಳಗಿನಿಂದ.

ಕೈಗೆ ಮೆತ್ತಿದ ಬ್ರೇಕ್ ಆಯಿಲ್ ಸೋಪು ಹಾಕಿದರೂ ಬೇಗ ಹೋಗಲಿಲ್ಲ. ಅವಳು ಎಲೆ ಹಾಕಿದಳು. ಅನ್ನ, ಕಾರಾಮಣಿ ಕಾಳಿನ ಸಾರು, ಒಂದು ಹಪ್ಪಳ. ನಾನು ತಲೆ ಎತ್ತದೆ ತಿಂದೆ. ಅವಳು ಪಾತ್ರೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

“ಇನ್ನೊಂಚೂರು ಹಾಕ್ಲಾ ಭಾವ?”

ಹೊಟ್ಟೆ ತುಂಬಿತ್ತು. ಆದರೂ ಕೈ ಅಡ್ಡ ಮಾಡಲಿಲ್ಲ.

“ಹಾಕಮ್ಮಾ” ಎಂದೆ.